ಒಲೆ ಕೊಟ್ಟರಾಯಿತೇ, ಉರುವಲು?

ಚೆನ್ನೈಯ ಸೆಕೆಯಲ್ಲಿ ಕುಳಿತು ಒಲೆಯ ಬೆಂಕಿಯನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅಡುಗೆ ಮಾಡಿದ ತಾಯಂದಿರ ಮಕ್ಕಳು ನಾವು. ಆ ಋಣ ನಮ್ಮ ಮೇಲಿದೆ.

ಮರದ ಹೊಟ್ಟು, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆಗಳನ್ನು ಒತ್ತಿ ಮಾಡಿದ ಪೆಲೆಟ್‌ಗಳು ಸೌದೆಗಿಂತ ಚೆನ್ನಾಗಿ ಒಣಗಿದವು. ಆದರೂ ಹಳೆಯ ಸೌದೆಯೊಲೆಗೆ ಸುರಿದರೆ ಗಾಳಿಯಾಡದೆ ರಾಶಿ ಹೊಗೆಯಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಪುಟ್ಟ ಫ್ಯಾನುಳ್ಳ ಒಲೆಯೊಂದನ್ನು ರೂಪಿಸಿದರು: ಕೆಳಗಿನ ಗಾಳಿ ಉರುವಲನ್ನು ಅನಿಲವಾಗಿಸುತ್ತದೆ, ಮೇಲಿನ ಗಾಳಿ ಆ ಅನಿಲವನ್ನು ಉರಿಸುತ್ತದೆ. ‘ಊರ್ಜಾ’ ಎಂಬ ಹೆಸರಿನಲ್ಲಿ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರಗಳಲ್ಲಿ ಅಂಥ ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು.

ಬಳಿಕ ಪೆಲೆಟ್ ಬೆಲೆ ಏರಿತು. ಕೃಷಿತ್ಯಾಜ್ಯಕ್ಕೆ ಕಾರ್ಖಾನೆಗಳೂ ಕೈಚಾಚಿದವು. ಉರುವಲಿಲ್ಲದ ಒಲೆ ಅಟ್ಟ ಸೇರಿತು. 2021ರ ಕೇಂದ್ರ ನೀತಿಯಂತೆ ಈಗ ಉಷ್ಣವಿದ್ಯುತ್ ಸ್ಥಾವರಗಳೂ ಕಲ್ಲಿದ್ದಲಿನೊಡನೆ ಪೆಲೆಟ್ ಉರಿಸಬೇಕಾಗಿದೆ. ಅದು ತಪ್ಪೆನ್ನಲಾರೆವು, ಆದರೆ ಸ್ಥಾವರದೊಡನೆ ಹರಾಜಿಗೆ ನಿಲ್ಲುವ ಶಕ್ತಿ ಯಾವ ಗೃಹಿಣಿಗಿದೆ?

ಸರ್ಕಾರಿ ನೌಕರರಾದ ನಾವು ಬಲ್ಲೆವು: ಹಂಚಿದ ಒಲೆಗಳ ಸಂಖ್ಯೆ ವರದಿಯಲ್ಲಿರುತ್ತದೆ, ಮೂರನೆಯ ವರ್ಷವೂ ಉರಿಯುತ್ತಿರುವವುಗಳ ಸಂಖ್ಯೆ ಇರುವುದಿಲ್ಲ. ಗ್ಯಾಸ್ ಸಿಲಿಂಡರಿಗೂ ಇದೇ ಮಾತು. ಮೊದಲನೆಯದಕ್ಕಿಂತ ಐದನೆಯದನ್ನು ತುಂಬಿಸುವುದೇ ಬಡವರಿಗೆ ಕಷ್ಟ. ಆದ್ದರಿಂದ ಊರಿನ ಹೊಟ್ಟು ಊರಿನಲ್ಲೇ ಪೆಲೆಟ್ ಆಗಲಿ. ಅದರಲ್ಲಿ ಒಂದು ಪಾಲು ನಿಗದಿತ ಬೆಲೆಗೆ ಮನೆಯ ಒಲೆಗಳಿಗೆ ಮೀಸಲಾಗಲಿ. ಉಳಿದದ್ದು ಸ್ಥಾವರಕ್ಕೆ ಹೋಗಲಿ.