ಕಣ್ಣು ಮುಚ್ಚಿದ್ರೂ ಕೈ ನೋಡ್ತಿರುತ್ತೆ

ಆಫೀಸುಗಳಲ್ಲಿ ಒಂದು ಆಟ ಇದೆ. 'ಅಂಧರ ಕಷ್ಟ ಅರ್ಥ ಮಾಡಿಕೊಳ್ಳೋಣ' ಅಂತ ಎಚ್‌ಆರ್‌ನಿಂದ ಮೇಲ್ ಬರುತ್ತೆ. ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅರ್ಧ ಗಂಟೆ ತಡಕಾಡ್ತಾರೆ, ನೀರು ಚೆಲ್ತಾರೆ, ನಗ್ತಾರೆ. ಪಟ್ಟಿ ಬಿಚ್ಚಿದ ಮೇಲೆ ಎರಡೇ ಮಾತು: 'ಅಯ್ಯೋ ಪಾಪ, ಹೇಗೆ ಬದುಕ್ತಾರೋ!' ಇಲ್ಲಾಂದ್ರೆ, 'ದೇವರು ಒಂದನ್ನ ಕಿತ್ಕೊಂಡ್ರೆ ಇನ್ನೊಂದನ್ನ ಕೊಡ್ತಾನೆ.' ಎರಡೂ ಸುಳ್ಳು.

ಮೊದಲನೆಯದನ್ನ ನೋಡಿ. ಎರಡೂ ಕೈಗಳನ್ನು ಕತ್ತರಿಯ ಹಾಗೆ ಅಡ್ಡ ಇಟ್ಟುಕೊಳ್ಳಿ. ಕ್ಷಣಾರ್ಧದ ಅಂತರದಲ್ಲಿ ಯಾರಾದ್ರೂ ಒಂದಾದ ಮೇಲೊಂದು ಕೈ ಮುಟ್ಟಲಿ. ಯಾವ ಕೈ ಮೊದಲು ಅಂತ ಹೇಳೋಕೆ ಹೋದ್ರೆ ಎಡವಟ್ಟಾಗುತ್ತೆ, ಕಣ್ಣು ಮುಚ್ಚಿದ್ರೂ ಅಷ್ಟೇ. 2004ರಲ್ಲಿ ಬ್ರಿಗಿಟೆ ರೋಡರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದಾಗ, ಹುಟ್ಟಿನಿಂದಲೇ ಕಾಣದವರು ಕೈ ಅಡ್ಡ ಇಟ್ಟರೂ ತಬ್ಬಿಬ್ಬಾಗಲಿಲ್ಲ. ಬೆಳೆದ ಮೇಲೆ ದೃಷ್ಟಿ ಕಳೆದುಕೊಂಡವರು ಮಾತ್ರ ಕಣ್ಣಿರುವವರ ಹಾಗೇ ತಪ್ಪಿದರು. ಅಂದ್ರೆ, ಚಿಕ್ಕಂದಿನಲ್ಲಿ ನೋಡುತ್ತಾ ಬೆಳೆದ ಮಿದುಳು ಸ್ಪರ್ಶದ ಲೆಕ್ಕವನ್ನೂ ನೋಟದ ಪುಸ್ತಕದಲ್ಲೇ ಬರೆದಿಡುತ್ತೆ. ದೃಷ್ಟಿಯೇ ಹೋದ್ರೂ ಬಿಡದ ಅಭ್ಯಾಸ ನಿಮ್ಮ ಅರ್ಧ ಗಂಟೆಯ ಪಟ್ಟಿಗೆ ಬಿಡುತ್ತಾ? ಅಲ್ಲಿ ತಡಕಾಡಿದ್ದು ನಿಮ್ಮ ಕೈ, ಅವರದ್ದಲ್ಲ.

ಇನ್ನು ದೇವರ ವರದ ಕಥೆ. 2011ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬೆರಳ ತುದಿ ಮತ್ತು ತುಟಿ ಎಷ್ಟು ಸೂಕ್ಷ್ಮ ಅಂತ ಅಳೆದರು. ಬೆರಳಲ್ಲಿ ಅಂಧರು ಮುಂದೆ. ತುಟಿಯಲ್ಲಿ ಎಲ್ಲರೂ ಸಮ. ವರ ಕೊಡೋ ದೇವರು ತುಟಿಯನ್ನ ಮರೆತನಾ? ಬ್ರೈಲ್ ಹೆಚ್ಚು ಹೊತ್ತು ಓದುವವರಲ್ಲಿ, ಓದುವ ಬೆರಳು ಇನ್ನೂ ಚುರುಕಾಗಿತ್ತು. ಇದು ವರ ಅಲ್ಲ ಸ್ವಾಮಿ, ದುಡಿಮೆ.

ಆ ದುಡಿಮೆಗೆ ನಾವು ಕೊಡ್ತಿರೋದು ನುಣ್ಣನೆ ಗಾಜು. ಗುಂಡಿ ಇರೋ ಕಾರ್ಡ್ ಮಷಿನ್‌ನಲ್ಲಿ 5ರ ಮೇಲೆ ಸಣ್ಣದೊಂದು ಉಬ್ಬು ಇರುತ್ತೆ. ಅದು ಸಿಕ್ಕಿದ್ರೆ ಬೆರಳಿಗೆ ಉಳಿದ ಅಂಕಿಗಳ ದಾರಿ ಗೊತ್ತು. ಗುಂಡಿಯೂ ಇಲ್ಲದ, ದನಿಯೂ ಇಲ್ಲದ ಟಚ್‌ಸ್ಕ್ರೀನ್ ಎದುರು? ಪಿನ್ನನ್ನ ಬೇರೆಯವರ ಕಿವಿಗೆ ಹೇಳಬೇಕು. ಅವರ ದುಡ್ಡು, ಗುಟ್ಟು ಇನ್ನೊಬ್ಬರ ಕೈಲಿ.

ಇಂಥವನ್ನ ಡಿಸೈನ್ ಮಾಡೋರು, ಟೆಸ್ಟ್ ಮಾಡೋರು, ಅಪ್ರೂವ್ ಮಾಡೋರು ನಮ್ಮಂಥವರೇ. ಪಟ್ಟಿ ಕಟ್ಕೊಂಡು ನಟಿಸೋದು ಸಾಕು. ಟೆಸ್ಟಿಂಗ್ ಟೀಮಿಗೆ ಕಣ್ಣು ಕಾಣದವರನ್ನ ಸಂಬಳ ಕೊಟ್ಟು ಸೇರಿಸಿಕೊಳ್ಳಿ. 'ಇದು ನಡೆಯಲ್ಲ' ಅಂತ ಅವರು ಹೇಳಿದ್ರೆ ರಿಲೀಸ್ ನಿಲ್ಲಲಿ.