ಪರದೆಯಾಚೆಯ ಪೈಲಟ್‌ಗಳು

‘ವಿಜೇತಾ’ (1982), ‘ಟಾಪ್ ಗನ್’ (1986) ಥರದ ಹಳೆಯ ಯುದ್ಧವಿಮಾನ ಸಿನಿಮಾಗಳನ್ನು ಹುಡುಕಿ ಕೂಡಿಡುವುದು ಒಳ್ಳೆಯ ಹವ್ಯಾಸ. ಆದರೆ ಪರದೆಯಲ್ಲೇ ನಿಂತುಬಿಟ್ಟರೆ ನಮ್ಮವರನ್ನೇ ಮರೆಯುತ್ತೇವೆ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು. ನಿಧಾನಗತಿಯ ಮಿಸ್ಟೇರ್‌ನಿಂದಲೇ ಪಾಕಿಸ್ತಾನದ ಅತಿವೇಗದ ಸ್ಟಾರ್‌ಫೈಟರ್ ಉರುಳಿಸಿದರು, ಮರಳಿ ಬರಲಿಲ್ಲ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 23 ವರ್ಷಗಳ ಬಳಿಕ, 1988ರಲ್ಲಿ. ಅವರ ಕಥೆಯಿಂದ ಪ್ರೇರಿತವಾದ ‘ಸ್ಕೈ ಫೋರ್ಸ್’ (2025) ಚಿತ್ರದಲ್ಲೂ ಆ ಪಾತ್ರಕ್ಕೆ ಬೇರೆ ಹೆಸರು!

ಸಿನಿಮಾ ಕುತೂಹಲ ಹುಟ್ಟಿಸುತ್ತದೆ, ನಿಜವನ್ನು ನಾವೇ ಹುಡುಕಬೇಕು. ನಮ್ಮ ಜಿಲ್ಲೆಯ ಚಳ್ಳಕೆರೆ ಬಳಿಯೇ ಡಿಆರ್‌ಡಿಒ ಚಾಲಕರಹಿತ ವಿಮಾನಗಳನ್ನು ಹಾರಿಸಿ ಪರೀಕ್ಷಿಸುತ್ತಿದೆ. ಆಕಾಶ ನಮಗೇನೂ ದೂರವಲ್ಲ. ಗೆಳೆಯರೇ, ಒಂದೊಂದು ಸಿನಿಮಾದ ಜೊತೆಗೆ ಒಂದೊಂದು ನಿಜಕಥೆಯನ್ನೂ ಕೂಡಿಡೋಣ.