ಟೆಲಿವಿಷನ್ ಸ್ಪರ್ಧೆಗಳೂ ಕಲೆಯ ಸಾಹಸವೂ

ಕಲೆಗೆ ಸ್ಪರ್ಧೆ ಬೇಕೇ ಎಂಬ ಪ್ರಶ್ನೆ ಹಳೆಯದು. ಸ್ಪರ್ಧೆಯು ಟೆಲಿವಿಷನ್ನಿನ ಮೂಲಕ ನಮ್ಮ ನಡುಮನೆಗೇ ಬಂದಿರುವ ಈ ಕಾಲದಲ್ಲಿ ಆ ಪ್ರಶ್ನೆಗೆ ಹೊಸ ರೂಪ ಬಂದಿದೆ. ವಾರವಾರವೂ ತರುಣರು ಕುಣಿಯುತ್ತಾರೆ. ತೀರ್ಪುಗಾರರು ಅಂಕ ಕೊಡುತ್ತಾರೆ. ಎಷ್ಟೋ ಸ್ಪರ್ಧೆಗಳಲ್ಲಿ ನೋಡುಗರೂ ಮತ ಹಾಕುತ್ತಾರೆ. ಹಿಂದೆ ಬಿದ್ದವರು ಮನೆಗೆ ಹೋಗುತ್ತಾರೆ. ‘ಹೊಸದೇನಾದರೂ ಮಾಡಿ, ಧೈರ್ಯ ಮಾಡಿ’ ಎಂಬ ಉಪದೇಶ ಅಲ್ಲಿ ಧಾರಾಳವಾಗಿ ಸಿಕ್ಕುತ್ತದೆ. ಆದರೆ ಧೈರ್ಯ ಮಾಡಿ ಸೋತವನಿಗೆ ಮುಂದಿನ ವಾರವೇ ಇಲ್ಲ! ಈ ವಿರೋಧವನ್ನು ಕುರಿತು ನಾಲ್ಕು ಮಾತು ಹೇಳುವುದು ಇಲ್ಲಿನ ಉದ್ದೇಶ.

ಸಾಹಸದಲ್ಲಿ ಎರಡು ಬಗೆಯುಂಟು: ದೇಹದ ಸಾಹಸ, ಕಲ್ಪನೆಯ ಸಾಹಸ. ಒಬ್ಬನ ಹೆಗಲಿನಿಂದ ಮತ್ತೊಬ್ಬ ಲಾಗ ಹಾಕುವುದು ಮೊದಲನೆಯದು. ಅದರಲ್ಲಿ ಕೈಕಾಲು ಮುರಿಯುವ ಭಯವುಂಟು. ನೋಡುವವರಿಗೆ ತಿಳಿಯದೆ ಹೋದೀತೆಂಬ ಭಯವಿಲ್ಲ. ಎರಡನೆಯದರಲ್ಲಿ ಮೂಳೆಗಳು ಭದ್ರ. ಆದರೆ ಸಭೆ ಏನೂ ಅರ್ಥವಾಗದೆ ಸುಮ್ಮನೆ ಕುಳಿತುಬಿಡಬಹುದು. ಕೆಲವೇ ನಿಮಿಷಗಳ ಪ್ರದರ್ಶನದಲ್ಲಿ ಚಪ್ಪಾಳೆ ಬೇಗ ಬೀಳುವುದು ಲಾಗಕ್ಕೇ. ಆದ್ದರಿಂದಲೇ ಸ್ಪರ್ಧೆ ಬಿಸಿಯೇರಿದಂತೆಲ್ಲ ನೃತ್ಯವು ಗರಡಿಯ ಕಸರತ್ತಿನ ಕಡೆಗೆ ಜಾರುತ್ತದೆ.

ಹಾಗೆಂದು ಕಲ್ಪನೆಯ ಸಾಹಸ ಗೆಲ್ಲುವುದೇ ಇಲ್ಲವೆಂದಲ್ಲ. 2009ರಲ್ಲಿ ಯುಕ್ರೇನಿನ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಕ್ಸೇನಿಯಾ ಸಿಮೊನೋವಾ ಎಂಬ ತರುಣಿ, ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಲೆ ಮರಳು ಹರಡಿ, ಎರಡನೆಯ ಮಹಾಯುದ್ಧ ಸಾಮಾನ್ಯರ ಬಾಳನ್ನು ಕೆಡಿಸಿದ ಕಥೆಯನ್ನು ಬೆರಳಿನಿಂದ ಬರೆದಳು. ಬರೆದುದನ್ನು ಮರುಗಳಿಗೆಯೇ ಅಳಿಸಿ ಮುಂದಿನ ಚಿತ್ರ! ಸಭಿಕರು ಕಣ್ಣೀರಿಟ್ಟರು, ಅವಳು ಗೆದ್ದಳು. ಅದೇ ವರ್ಷ ನಮ್ಮ ದೇಶದ ‘ಇಂಡಿಯಾಸ್ ಗಾಟ್ ಟ್ಯಾಲೆಂಟ್’ ಸ್ಪರ್ಧೆಯ ಮೊದಲ ಆವೃತ್ತಿಯನ್ನು ಗೆದ್ದದ್ದು ಒಡಿಶಾದ ಬರಹಂಪುರದ ಪ್ರಿನ್ಸ್ ಡ್ಯಾನ್ಸ್ ಗ್ರೂಪ್. ಕೂಲಿ ಮಾಡಿ ಬದುಕುವವರೇ ಹೆಚ್ಚಾಗಿದ್ದ ಆ ತಂಡದಲ್ಲಿ ಅಂಗವಿಕಲರೂ ಇದ್ದರು. ಮೈಗೆ ಬೆಳ್ಳಿಬಣ್ಣ ಬಳಿದುಕೊಂಡು, ದೇಹಕ್ಕೆ ದೇಹ ಜೋಡಿಸಿ ಅವರು ಪುರಾಣದೃಶ್ಯಗಳನ್ನು ಕಟ್ಟಿದರು. ಮುಂದೆ ಆದುದೇನು? ಮರಳಿನ ಚಿತ್ರ ಹಲವು ದೇಶಗಳ ಇಂಥ ವೇದಿಕೆಗಳಲ್ಲಿ ಪರಿಚಿತ ನೋಟವಾಯಿತು. ಒಬ್ಬರ ಸಾಹಸ ಮತ್ತೊಬ್ಬರ ಕೈಯಲ್ಲಿ ಸುರಕ್ಷಿತ ಮಾರ್ಗವಾಗುವುದು ಹೀಗೆ.

ನಿಜವಾದ ಸಾಹಸಕ್ಕೆ ಬೇಕಾದದ್ದು ಸೋಲಲು ಅವಕಾಶ. ಶಿವರಾಮ ಕಾರಂತರು ಯಕ್ಷಗಾನದ ಮಾತುಗಾರಿಕೆಯನ್ನೇ ಬಿಟ್ಟು ಯಕ್ಷಗಾನ ಬ್ಯಾಲೆಯನ್ನು ರೂಪಿಸಿದಾಗ ಸಂಪ್ರದಾಯದವರು ಆಕ್ಷೇಪಿಸದೆ ಇರಲಿಲ್ಲ. ಆದರೂ ತಿದ್ದುವುದಕ್ಕೆ, ಮತ್ತೆ ಕಟ್ಟುವುದಕ್ಕೆ ಅವರಿಗೆ ವರ್ಷಗಳಿದ್ದುವು. ಮೊದಲ ಪ್ರದರ್ಶನದ ರಾತ್ರಿಯೇ ಮತ ಎಣಿಸಿ ಅವರನ್ನು ಕಳಿಸಿಬಿಟ್ಟಿದ್ದರೆ ಆ ಪ್ರಯೋಗದ ಗತಿಯೇನಾಗುತ್ತಿತ್ತು?

ಟೆಲಿವಿಷನ್ನನ್ನು ತಿದ್ದುವ ಶಕ್ತಿ ನಮಗಿಲ್ಲ. ನಮ್ಮ ಕಾಲೇಜಿನ ವೇದಿಕೆ ನಮ್ಮದು. ಅಲ್ಲಿಗೆ ಜಾಹೀರಾತಿನ ಹಂಗಿಲ್ಲ, ಮತಗಳ ಲೆಕ್ಕವಿಲ್ಲ. ಆದರೂ ನಮ್ಮ ವಾರ್ಷಿಕೋತ್ಸವಗಳಲ್ಲಿ ಟೆಲಿವಿಷನ್ನಿನಲ್ಲಿ ಗೆದ್ದ ಹಾಡು, ಗೆದ್ದ ಹೆಜ್ಜೆ, ಗೆದ್ದ ವೇಷಗಳೇ ಮರಳಿ ಬರುವುದೇಕೆ? ಬಹುಮಾನದ ಭಯವಲ್ಲವೇ? ಒಂದು ಸಣ್ಣ ಸಲಹೆ: ಪ್ರಥಮ, ದ್ವಿತೀಯ ಸ್ಥಾನಗಳ ಜೊತೆಗೆ ‘ಹೊಸ ಪ್ರಯತ್ನ’ಕ್ಕೆಂದು ಒಂದು ಬಹುಮಾನವಿರಲಿ, ಅದು ಸೋತ ಪ್ರಯತ್ನಕ್ಕೂ ಸಲ್ಲಲಿ. ತೀರ್ಪುಗಾರರಾಗಿ ಕೂರುವ ಅಧ್ಯಾಪಕರು ಅಂಕದೊಡನೆ ಎರಡು ಮಾತಿನ ಕಾರಣವನ್ನೂ ಹೇಳಲಿ.

ಇದಕ್ಕೆ ಖರ್ಚು ಹೆಚ್ಚಿಲ್ಲ. ಪದವಿ ಮುಗಿದ ಮೇಲೆ ನೌಕರಿ, ಸಂಸಾರಗಳ ನಡುವೆ ಎಡವುವ ಸ್ವಾತಂತ್ರ್ಯ ನಮ್ಮಲ್ಲಿ ಎಷ್ಟು ಮಂದಿಗೆ ಉಳಿದೀತು? ಬೀಳಲು ಹೆದರದ ವಯಸ್ಸಿನಲ್ಲೇ ಬೀಳದ ಹೆಜ್ಜೆಯನ್ನಷ್ಟೇ ಕಲಿತರೆ, ನಾವು ಕಲಿತದ್ದು ನೃತ್ಯವಲ್ಲ, ಬರಿಯ ಎಚ್ಚರಿಕೆ.